ಮುಖ ಆಮೇಲೆ ನೋಡೋಣ, ಮೂಗು ಮೊದಲು: ಯಾವ ಕನ್ನಡಕ, ಅದಕ್ಕೆ ಯಾವ ಮೇಕಪ್

ಕನ್ನಡಕದ ಅಂಗಡಿಗೆ ಕಾಲಿಟ್ಟ ಕೂಡಲೇ ಅಲ್ಲಿನ ಹುಡುಗ ಒಂದು ಮಾತು ಹೇಳಿಯೇ ಹೇಳುತ್ತಾನೆ. "ಮೇಡಂ, ನಿಮ್ದು ರೌಂಡ್ ಫೇಸು, ಚೌಕದ್ದು ತಗೊಳ್ಳಿ." ದುಂಡು ಮುಖಕ್ಕೆ ಚೌಕ, ಚೌಕ ಮುಖಕ್ಕೆ ದುಂಡು, ಉದ್ದ ಮುಖಕ್ಕೆ ದೊಡ್ಡದು. ಈ ಪಟ್ಟಿ ಅವನ ಬಾಯಲ್ಲಿ ಸದಾ ಸಿದ್ಧ. ಅದು ಪೂರ್ತಿ ಸುಳ್ಳೇನಲ್ಲ. ಆದರೆ ಅದನ್ನೇ ನಂಬಿ ತಂದ ಫ್ರೇಮು ಮೂಗಿನಿಂದ ಜಾರುತ್ತಿದ್ದರೆ ಏನು ಬಂತು? ದಿನವಿಡೀ ಬೆರಳಲ್ಲಿ ಮೇಲೆ ತಳ್ಳುತ್ತಿರುವ ಕನ್ನಡಕ ಯಾರಿಗೂ ಚೆನ್ನಾಗಿ ಕಾಣುವುದಿಲ್ಲ. ತಳ್ಳಿದಾಗಲೆಲ್ಲ ಮೂಗಿನ ಮೇಲಿನ ಫೌಂಡೇಶನ್ ಕೂಡ ಅಷ್ಟಷ್ಟೇ ಕಿತ್ತು ಬರುತ್ತದೆ.

ನನ್ನ ಲೆಕ್ಕ ಬೇರೆ. ಮೊದಲು ಮೂಗು, ಆಮೇಲೆ ಪವರ್, ಆಮೇಲೆ ಹುಬ್ಬು. ಮುಖದ ಆಕಾರ, ಬಣ್ಣ, ಫ್ಯಾಷನ್ ಎಲ್ಲ ಇವು ಮೂರು ಸರಿಯಾದ ಮೇಲೆ. ಕಣ್ಣಿನ ಮೇಕಪ್ ಹೇಗಿರಬೇಕು ಅನ್ನುವುದನ್ನೂ ಮುಕ್ಕಾಲು ಪಾಲು ಪವರೇ ಹೇಳುತ್ತದೆ. ದೂರದ್ದು ಮಸುಕಾಗುವ ಮೈನಸ್ ಪವರಿನವರು ಹತ್ತಿರದ್ದು ಮಸುಕಾಗುವ ಪ್ಲಸ್ ಪವರಿನವರ ಮೇಕಪ್ ನೋಡಿ ಹಾಗೇ ಮಾಡಿಕೊಂಡರೆ ಕೆಲಸ ಕೆಡುತ್ತದೆ.

ಕಡ್ಡಿಯ ಒಳಗಿನ ಮೂರು ಅಂಕಿ

ಈಗ ಹಾಕಿಕೊಂಡಿರುವ ಕನ್ನಡಕ ತೆಗೆದು ಕಡ್ಡಿಯ ಒಳಬದಿ ನೋಡಿ. 50, ಒಂದು ಪುಟ್ಟ ಚೌಕ, 18, ಪಕ್ಕದಲ್ಲಿ 140 ಅಂತ ಸಣ್ಣಗೆ ಅಚ್ಚಾಗಿರುತ್ತದೆ. ಎಲ್ಲವೂ ಮಿಲಿಮೀಟರ್ ಲೆಕ್ಕ. ಮೊದಲನೆಯದು ಒಂದು ಗ್ಲಾಸಿನ ಅಗಲ. ಎರಡನೆಯದು ಎರಡು ಗ್ಲಾಸುಗಳ ನಡುವಿನ ಜಾಗ, ಅಂದರೆ ಮೂಗಿನ ಮೇಲೆ ಕೂರುವ ಬ್ರಿಡ್ಜ್. ಕೊನೆಯದು ಕಿವಿಯ ಹಿಂದೆ ಹೋಗುವ ಕಡ್ಡಿಯ ಉದ್ದ.

ಇದರ ಜೊತೆ ಇನ್ನೊಂದು ಅಂಕಿ ಬೇಕು. ಅದು ಫ್ರೇಮಿನದಲ್ಲ, ನಿಮ್ಮದು. ಎರಡು ಕಣ್ಣುಪಾಪೆಗಳ ನಡುವಿನ ಅಂತರ, ಅಂಗಡಿಯಲ್ಲಿ ಪಿಡಿ ಅನ್ನುತ್ತಾರೆ. ದೊಡ್ಡವರಲ್ಲಿ ಹೆಚ್ಚಾಗಿ 60 ಮಿಲಿಮೀಟರಿನ ಆಸುಪಾಸು. ಚೀಟಿಯಲ್ಲಿ ಎಷ್ಟೋ ಸಲ ಇದನ್ನು ಬರೆದಿರುವುದಿಲ್ಲ. ಕೇಳಿ ಬರೆಸಿಕೊಳ್ಳಿ.

ಈಗ ಲೆಕ್ಕ ನೋಡಿ. 50ಕ್ಕೆ 18 ಕೂಡಿದರೆ 68. ನಿಮ್ಮ ಪಿಡಿ 62 ಆದರೆ 6 ಮಿಲಿಮೀಟರ್ ವ್ಯತ್ಯಾಸ, ಒಂದೊಂದು ಕಣ್ಣಿಗೆ 3. ಪರವಾಗಿಲ್ಲ. ಅದೇ 56ರ ದೊಡ್ಡ ಫ್ರೇಮು ತಗೊಂಡರೆ ಮೊತ್ತ 74, ಒಂದೊಂದು ಕಣ್ಣಿಗೆ 6 ಮಿಲಿಮೀಟರ್ ವ್ಯತ್ಯಾಸ. ಆಗ ಕಣ್ಣು ಗ್ಲಾಸಿನ ನಡುವೆ ಕೂರದೆ ಮೂಗಿನ ಕಡೆಗೆ ಸರಿದ ಹಾಗೆ ಕಾಣುತ್ತದೆ. ಮೈನಸ್ ಪವರ್ ಇದ್ದರೆ ಹೊರಗಿನ ಅಂಚು ದಪ್ಪವೂ ಆಗುತ್ತದೆ. ದೊಡ್ಡ ಫ್ರೇಮು ಹಾಕಿದವರಲ್ಲಿ ಕೆಲವರು ಸೊಗಸಾಗಿ ಕಾಣುವುದು, ಕೆಲವರ ಕಣ್ಣು ಕಳೆದುಹೋದ ಹಾಗೆ ಕಾಣುವುದು ಬಹುಪಾಲು ಇದರಿಂದಲೇ. ಮುಖ ದುಂಡೋ ಚೌಕವೋ ಅನ್ನುವುದರಿಂದಲ್ಲ.

ಮೂಗಿಗೆ ಯಾವುದು?

ಮೂಗಿನ ಬುಡ ತಗ್ಗಾಗಿದ್ದರೆ ದಪ್ಪ ಪ್ಲಾಸ್ಟಿಕ್ ಫ್ರೇಮು ಸಾಮಾನ್ಯವಾಗಿ ಜಾರುತ್ತದೆ. ಅದರ ಬ್ರಿಡ್ಜ್ ಫ್ರೇಮಿನ ಜೊತೆಗೇ ಬಂದದ್ದು, ಬೇಕಾದ ಹಾಗೆ ಒಳಗೆ ಹೊರಗೆ ಮಾಡಲು ಬರುವುದಿಲ್ಲ. ಅಂಥವರಿಗೆ ಲೋಹದ ಫ್ರೇಮು ಒಳ್ಳೆಯದು. ಅದರಲ್ಲಿ ಎರಡು ಪುಟ್ಟ ಪ್ಯಾಡ್ ಇರುತ್ತದಲ್ಲ, ಅದನ್ನು ಬಗ್ಗಿಸಿ ನಿಮ್ಮ ಮೂಗಿಗೆ ತಕ್ಕ ಹಾಗೆ ಕೂರಿಸಬಹುದು. ಪ್ಲಾಸ್ಟಿಕ್ಕೇ ಬೇಕು ಅಂದರೆ ಲೋ ಬ್ರಿಡ್ಜ್ ಅಂತ ಕೇಳಿ, ಅಥವಾ ಪ್ಯಾಡ್ ಇರುವ ಪ್ಲಾಸ್ಟಿಕ್ ಫ್ರೇಮು ಹುಡುಕಿ.

ಎತ್ತರದ, ಚೂಪು ಮೂಗಿನವರಿಗೆ ಪ್ಲಾಸ್ಟಿಕ್ ಚೆನ್ನಾಗಿ ಒಗ್ಗುತ್ತದೆ. ಮೂಗು ಉದ್ದ ಅನಿಸಿದರೆ ಬ್ರಿಡ್ಜ್ ಸ್ವಲ್ಪ ಕೆಳಗಿರುವ, ಗಾಢ ಬಣ್ಣದ ಫ್ರೇಮು ಅದನ್ನು ಮೊಟಕು ಮಾಡಿ ತೋರಿಸುತ್ತದೆ. ಮೂಗು ಗಿಡ್ಡ ಅನಿಸಿದರೆ ಮೇಲೆ ಕೂರುವ, ತೆಳು ಬಣ್ಣದ ಬ್ರಿಡ್ಜ್. ಕಣ್ಣುಗಳು ಹತ್ತಿರ ಹತ್ತಿರ ಇದ್ದರೂ ತೆಳು ಬಣ್ಣದ್ದೇ ಒಳ್ಳೆಯದು.

ಅಂಗಡಿಯಲ್ಲಿ ಸುಮ್ನೆ ಕನ್ನಡಿ ಮುಂದೆ ನಿಂತು ನೋಡಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ಫ್ರೇಮು ಹಾಕಿಕೊಂಡು ಜೋರಾಗಿ ನಗಿ. ಕೆನ್ನೆ ತಾಗಿ ಫ್ರೇಮು ಮೇಲೆದ್ದರೆ ಬೇಡ. ಎದ್ದ ಕೆನ್ನೆಯ ಬ್ಲಶ್ಶೂ ಕ್ರೀಮೂ ಗ್ಲಾಸಿನ ಕೆಳಗಿನ ಅಂಚಿಗೆ ಅಂಟಿ ಸಂಜೆ ಹೊತ್ತಿಗೆ ಮಸುಕು ಗೆರೆ ಬೀಳುತ್ತದೆ. ಆಮೇಲೆ ಮೊಬೈಲ್ ನೋಡುವ ಹಾಗೆ ತಲೆ ಬಗ್ಗಿಸಿ. ಜಾರಿತಾ? ಇನ್ನೊಂದು: ಪಟಪಟ ರೆಪ್ಪೆ ಬಡಿಯಿರಿ. ರೆಪ್ಪೆ ಕೂದಲು ಗ್ಲಾಸಿಗೆ ತಾಗಿದರೆ ಮಸ್ಕಾರ ಹಾಕಿದ ದಿನವೆಲ್ಲ ಗ್ಲಾಸಿನ ಮೇಲೆ ಕಪ್ಪು ಚುಕ್ಕೆ. ಕಣ್ಣಿಗೂ ಗ್ಲಾಸಿಗೂ ನಡುವೆ 12ರಿಂದ 14 ಮಿಲಿಮೀಟರ್ ಇರುವುದು ರೂಢಿ. ಪ್ಯಾಡ್ ಇರುವ ಫ್ರೇಮಿನಲ್ಲಿ ಇದನ್ನು ಒಂಚೂರು ಹೆಚ್ಚು ಕಡಿಮೆ ಮಾಡಿಸಬಹುದು. ರೆಪ್ಪೆ ಉದ್ದ ಇರುವವರು ಲೋಹದ ಫ್ರೇಮಿನ ಕಡೆ ಹೋಗಲು ಇದೂ ಒಂದು ಕಾರಣ.

ಬೆಂಗಳೂರಿನಲ್ಲಿ ಸ್ಕೂಟರ್ ಓಡಿಸುವವರು ಹೆಲ್ಮೆಟ್ ಜೊತೆಗೇ ತಗೊಂಡು ಹೋಗಿ. ನಾಚಿಕೆ ಏನೂ ಬೇಡ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟಿನೊಳಗೆ ದಪ್ಪ ಕಡ್ಡಿ ತೂರಿಸಿದರೆ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವ ಹೊತ್ತಿಗೆ ಕಿವಿಯ ಮೇಲ್ಭಾಗ ಉರಿಯತೊಡಗುತ್ತದೆ. ನೇರವಾದ ತೆಳು ಕಡ್ಡಿ ಇದ್ದರೆ ಆರಾಮು.

ಅಸಿಟೇಟ್, ಟಿಆರ್-90, ಲೋಹ, ರಿಮ್‌ಲೆಸ್

ಅಂಗಡಿಯಲ್ಲಿ ಎಲ್ಲವನ್ನೂ "ಶೆಲ್ಲು, ಮೆಟಲ್ಲು" ಅಂತ ಎರಡೇ ಮಾತಲ್ಲಿ ಮುಗಿಸಿಬಿಡುತ್ತಾರೆ. ಒಳಗೆ ವ್ಯತ್ಯಾಸ ಬಹಳ ಇದೆ.

ಅಸಿಟೇಟ್ ಅನ್ನುವುದು ಹತ್ತಿ, ಮರದ ತಿರುಳಿನಿಂದ ಮಾಡುವ ಪ್ಲಾಸ್ಟಿಕ್. ಬಣ್ಣ ಒಳಗಿನವರೆಗೂ ಇರುವುದರಿಂದ ಜೇನು ಬಣ್ಣ, ಕಂದು ಮಚ್ಚೆಯ ಟಾರ್ಟಾಯ್ಸ್, ಮರೂನ್ ಎಲ್ಲ ಆಳವಾಗಿ ಕಾಣುತ್ತವೆ. ನಮ್ಮ ಗೋಧಿ, ಎಣ್ಣೆಗೆಂಪು ಮೈಬಣ್ಣಕ್ಕೆ ಈ ಬಣ್ಣಗಳು ಕಪ್ಪಿಗಿಂತ ಎಷ್ಟೋ ಮೇಲು. ಇದರ ದೊಡ್ಡ ಗುಣ ಅಂದರೆ ಬಿಸಿ ಮಾಡಿ ಬಗ್ಗಿಸಬಹುದು. ಗಾಂಧಿ ಬಜಾರೋ ಮಲ್ಲೇಶ್ವರವೋ, ಹಳೆಯ ಅಂಗಡಿಯಲ್ಲಿ ಕೈ ಪಳಗಿದವರು ಇದನ್ನು ಮಾಡುವುದು ನೋಡಬೇಕು. ಕಡ್ಡಿಯ ತುದಿಗೆ ಬಿಸಿ ಗಾಳಿ ಹಿಡಿದು, ಮೆತ್ತಗಾದಾಗ ಹೆಬ್ಬೆರಳಲ್ಲಿ ಒತ್ತಿ ಕಿವಿಯ ಹಿಂದಿನ ತಿರುವಿಗೆ ಸರಿಯಾಗಿ ಬಗ್ಗಿಸುತ್ತಾರೆ. ಆಮೇಲೆ ನಿಮಗೆ ಹಾಕಿ, ತಲೆಯ ಮೇಲಿನಿಂದ ಬಗ್ಗಿ ನೋಡಿ ಎರಡೂ ಗ್ಲಾಸು ಹುಬ್ಬಿನಿಂದ ಒಂದೇ ದೂರದಲ್ಲಿವೆಯಾ ಅಂತ ಅಳೆಯುತ್ತಾರೆ. "ಅಕ್ಕ, ಒಂದ್ಸಲ ತಲೆ ಅಲ್ಲಾಡ್ಸಿ" ಅನ್ನುತ್ತಾರೆ. ಇನ್ನೂ ಸಡಿಲ ಇದ್ದರೆ ಮತ್ತೆ ಬಿಸಿ. ಇಷ್ಟು ಮಾಡದೆ ಡಬ್ಬಿಗೆ ಹಾಕಿ ಕೈಗೆ ಕೊಡುವ ಅಂಗಡಿಯಾದರೆ ಬಾಯಿಬಿಟ್ಟು ಕೇಳಿ ಮಾಡಿಸಿಕೊಳ್ಳಿ.

ಟಿಆರ್-90 ನೈಲಾನ್ ಜಾತಿಯದು. ಬಲು ಹಗುರ, ಬಗ್ಗಿಸಿದರೆ ಮತ್ತೆ ತನ್ನ ಆಕಾರಕ್ಕೇ ಬರುತ್ತದೆ. ಮಕ್ಕಳಿಗೆ, ಕನ್ನಡಕ ಹಾಕಿಕೊಂಡೇ ಮಲಗುವವರಿಗೆ ಒಳ್ಳೆಯದು. ಆದರೆ ಆ ಗುಣವೇ ಅದರ ದೋಷ ಕೂಡ. ನಿಮ್ಮ ಕಿವಿಗೆ ತಕ್ಕ ಹಾಗೆ ಬಗ್ಗಿಸಿ ನಿಲ್ಲಿಸುವುದು ಕಷ್ಟ. ಹಾಕಿದಾಗಲೇ ಸರಿಯಾಗಿ ಕೂತರೆ ಮಾತ್ರ ತಗೊಳ್ಳಿ, ಆಮೇಲೆ ಸರಿಮಾಡಿಸೋಣ ಅನ್ನಬೇಡಿ.

ಲೋಹದಲ್ಲಿ ಗಿಲೀಟು ಓಲೆ ಹಾಕಿದರೆ ಕಿವಿ ಕೆರೆಯುವವರು ಹುಷಾರಾಗಿರಬೇಕು. ಅದು ನಿಕ್ಕಲ್ ಅಲರ್ಜಿ ಇರಬಹುದು. ಅಗ್ಗದ ಫ್ರೇಮುಗಳಲ್ಲಿ ಬಳಸುವ ಮೋನೆಲ್ ಅನ್ನುವ ಲೋಹ ನಿಕ್ಕಲ್ ಮತ್ತು ತಾಮ್ರದ ಮಿಶ್ರಣ. ಮೇಲಿನ ಲೇಪ ಸವೆದ ಮೇಲೆ ಕೆನ್ನೆ ಪಕ್ಕ ಕೆಂಪಾಗುತ್ತದೆ, ಪ್ಯಾಡಿನ ಸಂದಿಯಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಅಂಥವರಿಗೆ ಶುದ್ಧ ಟೈಟಾನಿಯಂ ಸರಿ. ಬೆಲೆ ಜಾಸ್ತಿ, ಆದರೆ ಹಗುರ. ಒಂದು ಎಚ್ಚರಿಕೆ: ಹೇಗೆ ತಿರುಚಿದರೂ ನೆಟ್ಟಗಾಗುವ ಮೆಮೊರಿ ಮೆಟಲ್ ಅಂತ ಕೊಡುತ್ತಾರಲ್ಲ, ಅದೂ ಟೈಟಾನಿಯಮ್ಮೇ ಅನ್ನುತ್ತಾರೆ. ಅದರಲ್ಲಿ ನಿಕ್ಕಲ್ ಇರುತ್ತದೆ.

ರಿಮ್‌ಲೆಸ್ ಬಗ್ಗೆ ನನಗೆ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ಸೀರೆ, ಬೊಟ್ಟು, ಓಲೆಗಳ ಜೊತೆ ಅಷ್ಟು ಚೆನ್ನಾಗಿ ಹೊಂದುವ ಕನ್ನಡಕ ಇನ್ನೊಂದಿಲ್ಲ. ಮುಖದ ಮೇಲೆ ಗೆರೆಯೇ ಇರುವುದಿಲ್ಲ. ಆದರೆ ಗ್ಲಾಸಿಗೇ ತೂತು ಕೊರೆದು ಸ್ಕ್ರೂ ಹಾಕುವುದರಿಂದ ಪಾಲಿಕಾರ್ಬೊನೇಟಿನ ಥರದ ಗಟ್ಟಿ ಲೆನ್ಸೇ ಬೇಕು. ಮೈನಸ್ ಪವರ್ ಜಾಸ್ತಿ ಇದ್ದರೆ ದಪ್ಪ ಅಂಚನ್ನು ಮುಚ್ಚಲು ಏನೂ ಇಲ್ಲ, ಬಟಾಬಯಲು. ಮನೆಯಲ್ಲಿ ಎರಡು ವರ್ಷದ ಮಗು ಇದ್ದರೂ ಬೇಡ.

ಪಾರದರ್ಶಕ ಅಸಿಟೇಟ್ ಫ್ರೇಮುಗಳು ಈಗ ಎಲ್ಲಾ ಕಡೆ ಕಾಣುತ್ತವೆ. ಹೊಸದರಲ್ಲಿ ಚೆಂದ. ಬೆವರು, ಬಿಸಿಲು, ಫೌಂಡೇಶನ್ ಕುಡಿದು ಕ್ರಮೇಣ ಹಳದಿ ತಿರುಗುವ ಸಾಧ್ಯತೆ ಇದೆ. ಮೇಕಪ್ ದಿನವೂ ಮಾಡುವವರಿಗೆ ನಾನಂತೂ ಹೇಳುವುದಿಲ್ಲ.

ಪವರ್ ಏನು ಹೇಳುತ್ತದೆ

ಮೈನಸ್ ಗ್ಲಾಸು ನಡುವೆ ತೆಳು, ಅಂಚಿನಲ್ಲಿ ದಪ್ಪ. ಕಣ್ಣನ್ನು ಚಿಕ್ಕದು ಮಾಡಿ ತೋರಿಸುತ್ತದೆ. ಪ್ಲಸ್ ಗ್ಲಾಸು ನಡುವೆ ದಪ್ಪ, ಕಣ್ಣನ್ನು ದೊಡ್ಡದು ಮಾಡುತ್ತದೆ. ಅಂಗಡಿಯಲ್ಲಿ ಹಾಕಿ ನೋಡುವ ಫ್ರೇಮಿನಲ್ಲಿ ಇರುವುದು ಪವರ್ ಇಲ್ಲದ ತೋರಿಕೆಯ ಪ್ಲಾಸ್ಟಿಕ್. ಅದರಲ್ಲಿ ಚೆಂದ ಕಂಡದ್ದು ಗ್ಲಾಸು ಕೂರಿಸಿದ ಮೇಲೆ ಬೇರೆಯೇ ಕಾಣಬಹುದು. ಪವರ್ ಜಾಸ್ತಿ ಇರುವವರಿಗೆ ಇನ್ನೊಂದು ಕಷ್ಟ: ತಮ್ಮ ಕನ್ನಡಕ ತೆಗೆದು ಹೊಸದನ್ನು ಹಾಕಿ ನೋಡಿದರೆ ಕನ್ನಡಿಯಲ್ಲಿ ಮಂಜು ಮಂಜು. ಜೊತೆಗೆ ಬಂದವರ ಕೈಗೆ ಮೊಬೈಲ್ ಕೊಟ್ಟು ಚಿಕ್ಕ ವಿಡಿಯೊ ಮಾಡಿಸಿ. ಎದುರಿಂದ, ಪಕ್ಕದಿಂದ, ನಗುತ್ತಾ. ಆಮೇಲೆ ನಿಮ್ಮ ಕನ್ನಡಕ ಹಾಕಿಕೊಂಡು ನಿಧಾನಕ್ಕೆ ನೋಡಿ.

ಮೈನಸ್ 4 ದಾಟಿದವರು ಗ್ಲಾಸಿನ ಅಗಲ 50ರ ಒಳಗೆ ಇರುವ, ಮೂಲೆ ದುಂಡಗಿರುವ ಫ್ರೇಮು ನೋಡುವುದು ಒಳ್ಳೆಯದು. ಅಗಲ ಕಡಿಮೆಯಾದಷ್ಟೂ ಆ ದಪ್ಪ ಅಂಚು ಕತ್ತರಿಸಿ ಹೋಗುತ್ತದೆ. ಎಷ್ಟು ದುಡ್ಡು ಕೊಟ್ಟು ತೆಳು ಲೆನ್ಸ್ ಹಾಕಿಸಿದರೂ ಫ್ರೇಮು ದೊಡ್ಡದಿದ್ದರೆ ಆ ದುಡ್ಡು ಅಲ್ಲೇ ಹೋಯಿತು.

ಇನ್ನು ಲೆನ್ಸಿನ ಇಂಡೆಕ್ಸ್. 1.50, 1.56, 1.60, 1.67, 1.74 ಅಂತ ಅಂಕಿ ಏರಿದ ಹಾಗೆ ಲೆನ್ಸು ತೆಳುವಾಗುತ್ತದೆ, ಬೆಲೆ ಏರುತ್ತದೆ. ಮೈನಸ್ 2ರ ಒಳಗಿನವರಿಗೆ 1.67 ಹಾಕಿಸಿ ಅನ್ನುವುದು ವ್ಯಾಪಾರದ ಮಾತು. 3ರಿಂದ 5ರವರೆಗೆ 1.60 ಸಾಕು, ಅದರಾಚೆ 1.67. ಸೋಡಾ ಬುಡ್ಡಿ ಅಂತ ಕಾಲೇಜಿನಲ್ಲಿ ಕರೆಸಿಕೊಂಡವರಿಗೆ 1.74 ನಿಜಕ್ಕೂ ಸಮಾಧಾನ ಕೊಡುತ್ತದೆ. ಇಂಡೆಕ್ಸ್ ಏರಿದಷ್ಟೂ ಲೆನ್ಸಿನ ಮೇಲೆ ಬೆಳಕು ಹೊಳೆಯುವುದೂ ಜಾಸ್ತಿ. ಮಾಮೂಲಿ 1.50ರ ಲೆನ್ಸೇ ಒಂದೊಂದು ಬದಿಯಿಂದ ಸುಮಾರು ಶೇಕಡ 4ರಷ್ಟು ಬೆಳಕನ್ನು ವಾಪಸ್ ಕಳಿಸುತ್ತದೆ. ಹೀಗಾಗಿ ಹೊಳಪು ತಗ್ಗಿಸುವ ಎಆರ್ ಕೋಟಿಂಗ್ ಬಿಡಬೇಡಿ. ಅದಿಲ್ಲದೆ ಕಣ್ಣಿಗೆ ಎಷ್ಟು ಶ್ರಮಪಟ್ಟು ಮೇಕಪ್ ಮಾಡಿದರೂ ಎದುರಿನವರಿಗೆ ಕಾಣುವುದು ಟ್ಯೂಬ್‌ಲೈಟು.

ಪರದೆಯ ನೀಲಿ ಬೆಳಕನ್ನು ತಡೆಯುವ ಬ್ಲೂ ಕಟ್ ಲೆನ್ಸ್ ಬೇಕಾ? ಕಂಪ್ಯೂಟರ್ ಮುಂದೆ ಕೂರುವ ಊರು ಇದು, ಎಲ್ಲ ಅಂಗಡಿಯಲ್ಲೂ ಅದನ್ನೇ ಮೊದಲು ಮಾರುತ್ತಾರೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ವಿಮರ್ಶೆ 2023ರಲ್ಲಿ, ಇದರಿಂದ ಕಂಪ್ಯೂಟರ್ ಬಳಸುವಾಗಿನ ಕಣ್ಣಿನ ಆಯಾಸ ಅಲ್ಪಾವಧಿಯಲ್ಲಿ ಕಡಿಮೆಯಾಗುವ ಹಾಗೆ ಕಾಣುವುದಿಲ್ಲ ಎಂದಿತು. ಮೇಕಪ್ ಕಡೆಯಿಂದ ನೋಡಿದರೂ ಲಾಭ ಇಲ್ಲ. ಫೋಟೋದಲ್ಲಿ ನೀಲಿ ಹೊಳಪು ಹೊಡೆಯುತ್ತದೆ, ಕೆಲವು ಲೆನ್ಸಿಗೆ ಸಣ್ಣ ಹಳದಿ ಛಾಯೆ ಇರುತ್ತದೆ.

ಚಾಳೀಸು ಬಂದವರು ದೂರಕ್ಕೂ ಓದುವುದಕ್ಕೂ ಒಂದೇ ಗ್ಲಾಸಾದ ಪ್ರೋಗ್ರೆಸಿವ್ ಹಾಕಿಸುವುದಾದರೆ ಗ್ಲಾಸಿನ ಎತ್ತರ ಕನಿಷ್ಠ 28ರಿಂದ 30 ಮಿಲಿಮೀಟರ್ ಇರುವ ಫ್ರೇಮು ನೋಡಿ. ಕಿರಿದಾದ ಆಯತದ ಫ್ರೇಮಿನಲ್ಲಿ ಕೆಳಗಿನ ಓದುವ ಭಾಗ ಸಾಲದೆ ಬರುತ್ತದೆ.

ಹುಬ್ಬು, ಬಣ್ಣ, ಆಮೇಲೆ ಆಕಾರ

ಫ್ರೇಮಿನ ಮೇಲಂಚು ಹುಬ್ಬಿನ ಓಟವನ್ನೇ ಹಿಡಿದರೆ ಮುಖ ಶಾಂತವಾಗಿ ಕಾಣುತ್ತದೆ. ಹುಬ್ಬು ಬಿಲ್ಲಿನ ಹಾಗೆ ಏರಿದ್ದು ಫ್ರೇಮು ಮಾತ್ರ ಗೆರೆ ಎಳೆದ ಹಾಗೆ ನೆಟ್ಟಗಿದ್ದರೆ ಎರಡೆರಡು ಹುಬ್ಬು ಇದ್ದ ಹಾಗೆ ಅನಿಸುತ್ತದೆ. ಹೊರತುದಿ ಮೇಲಕ್ಕೆ ಏರುವ ಕ್ಯಾಟ್ ಐ ಇಳಿಬಿದ್ದ ಕಣ್ಣು, ಇಳಿದ ಕೆನ್ನೆಯವರಿಗೆ ಬಹಳ ಉಪಕಾರಿ. ಕೆಳಗೆ ಇಳಿಯುವ ಏವಿಯೇಟರ್ ಅವರನ್ನೇ ದಣಿದವರ ಹಾಗೆ ತೋರಿಸುತ್ತದೆ. ಆಕಾರದ ಬಗ್ಗೆ ನಾನು ಇಷ್ಟೇ ಹೇಳುವುದು.

ಬಣ್ಣ ನೋಡುವಾಗ ಅಂಗಡಿಯ ಬಿಳಿ ದೀಪದ ಕೆಳಗೆ ನಿರ್ಧಾರ ಮಾಡಬೇಡಿ. ಬಾಗಿಲ ಬಳಿ ಬಂದು ಹಗಲು ಬೆಳಕಲ್ಲಿ ನೋಡಿ. ದಿನವೂ ಚಿನ್ನದ ಓಲೆ ಹಾಕುವವರಿಗೆ ಚಿನ್ನದ ಬಣ್ಣದ ಲೋಹ, ಬೆಳ್ಳಿ ಆಕ್ಸಿಡೈಸ್ಡ್ ಹಾಕುವವರಿಗೆ ಗನ್ ಮೆಟಲ್ ಅನ್ನುವ ಕಡು ಬೂದು. ಕಣ್ಣಿನ ಕೆಳಗೆ ಕಪ್ಪು ಇದ್ದರೆ ದಪ್ಪ ಕಪ್ಪು ಫ್ರೇಮಿನ ನೆರಳು ಅದನ್ನು ಇನ್ನೂ ಕಪ್ಪು ಮಾಡುತ್ತದೆ. ಮೇಲೆ ಗಾಢ, ಕೆಳಗೆ ಗೆರೆ ಇಲ್ಲದ ಹಾಫ್ ರಿಮ್ ಅಂಥವರಿಗೆ ಹೇಳಿ ಮಾಡಿಸಿದ್ದು.

ಅಂಗಡಿಯೋ ಆನ್‌ಲೈನೋ

ನಮ್ಮೂರಿನ ಟೈಟನ್ 2007ರಲ್ಲಿ ಕನ್ನಡಕದ ಅಂಗಡಿಗಳನ್ನು ತೆರೆಯಿತು. ಲೆನ್ಸ್‌ಕಾರ್ಟ್ 2010ರಲ್ಲಿ ಆನ್‌ಲೈನಲ್ಲಿ ಶುರುವಾಗಿ ಆಮೇಲೆ ಬೀದಿಗೂ ಇಳಿಯಿತು. ಈಗ ಜಯನಗರ 4ನೇ ಬ್ಲಾಕು, ಸಂಪಿಗೆ ರಸ್ತೆ, ಕಮರ್ಷಿಯಲ್ ಸ್ಟ್ರೀಟು, ಎಲ್ಲಿ ಹೋದರೂ ದೊಡ್ಡ ಹೆಸರು ಮತ್ತು ಹಳೆಯ ಮನೆತನದ ಅಂಗಡಿ ಅಕ್ಕಪಕ್ಕ. ನನ್ನ ಅಭಿಪ್ರಾಯ ಹೀಗೆ: ಮೊದಲ ಕನ್ನಡಕ, ಪ್ರೋಗ್ರೆಸಿವ್, ಪವರ್ ಜಾಸ್ತಿ ಇರುವುದು, ಮೂಗು ಕಷ್ಟದ್ದು, ಇವು ನಾಲ್ಕೂ ಅಂಗಡಿಯಲ್ಲೇ. ಮೊಬೈಲಿನ ಕ್ಯಾಮೆರಾ ಫ್ರೇಮನ್ನು ಮುಖದ ಮೇಲೆ ತೋರಿಸಬಹುದು, ಜಾರುತ್ತದೋ ಇಲ್ಲವೋ ಹೇಳಲಾರದು. ಸರಿಯಾಗಿ ಕೂತ ಒಂದು ಕನ್ನಡಕ ಕೈಯಲ್ಲಿದ್ದರೆ ಅದರ ಮೂರು ಅಂಕಿ ಬರೆದುಕೊಂಡು ಎರಡನೆಯದನ್ನು ಆನ್‌ಲೈನಲ್ಲಿ ತರಿಸಿ, ಚಿಂತೆ ಇಲ್ಲ. ಬಿಲ್ಲು ನೋಡುವಾಗ ನೆನಪಿರಲಿ, ಪವರ್ ಕನ್ನಡಕದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 5ಕ್ಕೆ ಇಳಿದಿದೆ.

ಅಂಗಡಿಯ ಬಿಟ್ಟಿ ಪರೀಕ್ಷೆ ಪವರ್ ಹೇಳುತ್ತದೆ, ಅಷ್ಟೇ. ಸಕ್ಕರೆ ಕಾಯಿಲೆ ಇರುವವರು, 40 ದಾಟಿದವರು ಮಿಂಟೋದಂಥ ಕಣ್ಣಾಸ್ಪತ್ರೆಗೇ ಹೋಗಿ ಅಕ್ಷಿಪಟಲ, ಕಣ್ಣಿನ ಒತ್ತಡ ಎರಡನ್ನೂ ತೋರಿಸಿಕೊಳ್ಳಬೇಕು.

ಮೂಗಿನ ಮೇಲಿನ ಮೇಕಪ್

ಪ್ಯಾಡ್ ಇರುವ ಫ್ರೇಮು ಫೌಂಡೇಶನ್ನಿನಲ್ಲಿ ಎರಡು ಮಚ್ಚೆ ಬಿಡುತ್ತದೆ. ಪ್ಲಾಸ್ಟಿಕ್ ಫ್ರೇಮು ಮೂಗಿನ ಬುಡವಿಡೀ ಒರೆಸಿಬಿಡುತ್ತದೆ. ಎರಡಕ್ಕೂ ಮದ್ದು ಒಂದೇ, ಅಲ್ಲಿ ಕಡಿಮೆ ಹಚ್ಚುವುದು. ಸನ್‌ಸ್ಕ್ರೀನ್ ಹಚ್ಚಿ ಅದು ಆರುವವರೆಗೆ ಕಾಯಿರಿ. ಫೌಂಡೇಶನ್ ಆದ ಮೇಲೆ ಕನ್ನಡಕ ಕೂರುವ ಜಾಗದಿಂದ ಟಿಶ್ಯೂನಲ್ಲಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಅಲ್ಲೇ ಚಿಟಿಕೆ ಪೌಡರ್ ಒತ್ತಿ. ಒಂದೆರಡು ನಿಮಿಷ ಬಿಟ್ಟು ಕನ್ನಡಕ ಹಾಕಿ.

ದ್ರವದ ಫೌಂಡೇಶನ್ನೋ ಪೌಡರೋ ಅಂದರೆ ಕನ್ನಡಕದವರಿಗೆ ನಾನು ಪೌಡರ್ ಕಡೆ. ಮಂಗಳೂರಿನ ಸೆಖೆ ಇಲ್ಲಿಲ್ಲ ನಿಜ. ಆದರೆ ಮೆಟ್ರೋ ಇಳಿದು ಆಫೀಸಿಗೆ ನಡೆಯುವಷ್ಟರಲ್ಲಿ ಮೂಗಿನ ಮೇಲೆ ಜಿಡ್ಡು ಬಂದೇ ಬರುತ್ತದೆ. ಕ್ರೀಮಿನಂಥದ್ದು ಹಚ್ಚಿದಷ್ಟೂ ಫ್ರೇಮು ಜಾರುತ್ತದೆ. ಚರ್ಮ ಒಣ ಇರುವವರು ದ್ರವದ್ದನ್ನೇ ಹಚ್ಚಿ, ಮೂಗಿನ ಬುಡ ಒಂದನ್ನು ಬಿಟ್ಟು.

ಕಣ್ಣ ಕೆಳಗಿನ ಕಪ್ಪಿಗೆ ಬಿಳಿಚಿದ ಕನ್ಸೀಲರ್ ನೇರ ಹಚ್ಚಿದರೆ ಬೂದಿ ಬಣ್ಣ ಬರುತ್ತದೆ. ಮೊದಲು ಪೀಚ್ ಅಥವಾ ಕಿತ್ತಳೆ ಕರೆಕ್ಟರ್ ತೆಳ್ಳಗೆ, ಅದರ ಮೇಲೆ ನಿಮ್ಮ ಮೈಬಣ್ಣದ್ದು. ಬ್ಲಶ್ಶನ್ನು ಫ್ರೇಮಿನ ಕೆಳಂಚಿಗಿಂತ ಒಂದು ಬೆರಳು ಕೆಳಗೆ ಶುರು ಮಾಡಿ.

ಮೈನಸ್ ಕಣ್ಣು, ಪ್ಲಸ್ ಕಣ್ಣು

ಮೈನಸ್ ಇರುವವರು ಕಾಡಿಗೆಯನ್ನು ಕೆಳರೆಪ್ಪೆಯ ಒಳಗೆ ಆ ತುದಿಯಿಂದ ಈ ತುದಿಗೆ ತುಂಬುವುದು ಬಿಡಬೇಕು. ನಮ್ಮಲ್ಲಿ ಕಾಡಿಗೆ ಅಂದರೆ ಕೆಳಗೇ ಮೊದಲು, ಬಿಡುವುದು ಕಷ್ಟ, ಗೊತ್ತು. ಆದರೆ ಮೊದಲೇ ಚಿಕ್ಕದಾಗಿ ಕಾಣುವ ಕಣ್ಣಿಗೆ ಸುತ್ತ ಕಪ್ಪು ಬೇಲಿ ಹಾಕಿದರೆ ಇನ್ನೂ ಚಿಕ್ಕದಾಗುತ್ತದೆ. ಹೊರಗಿನ ಅರ್ಧಕ್ಕೆ ಮಾತ್ರ ಹಚ್ಚಿ. ಒಳಗೆ ಚರ್ಮದ ಬಣ್ಣದ ಪೆನ್ಸಿಲ್ ಎಳೆದರೆ ಕಣ್ಣು ಅರಳಿದ ಹಾಗೆ ಕಾಣುತ್ತದೆ. ಮೇಲಿನ ಲೈನರ್ ಹೊರತುದಿಯಲ್ಲಿ ಸ್ವಲ್ಪ ದಪ್ಪ. ರೆಪ್ಪೆಯ ಮೇಲೆ ತಿಳಿ ಬಣ್ಣ, ನಡುವೆ ಒಂಚೂರು ಮಿನುಗು. ಕರ್ಲರ್ ಹಿಡಿದು ರೆಪ್ಪೆ ಮೇಲಕ್ಕೆ ತಿರುಗಿಸಿ. ಗ್ಲಾಸಿಗೆ ತಾಗುವುದೂ ತಪ್ಪುತ್ತದೆ.

ಪ್ಲಸ್ ಇರುವವರದ್ದು ತದ್ವಿರುದ್ಧ. ಗ್ಲಾಸು ಎಲ್ಲವನ್ನೂ ದೊಡ್ಡದು ಮಾಡಿ ತೋರಿಸುತ್ತದೆ, ತಪ್ಪನ್ನೂ ಸೇರಿ. ನಮ್ಮ ಅತ್ತಿಗೆಗೆ ಪ್ಲಸ್ ಪವರ್. "ಮಸ್ಕಾರ ಬೇಡಮ್ಮ ನಂಗೆ, ಗೂಬೆ ಥರ ಕಾಣ್ತೀನಿ" ಅನ್ನುತ್ತಾರೆ. ಅವರಿಗೆ ಬೇಡವಾದದ್ದು ಮಸ್ಕಾರ ಅಲ್ಲ, ಕಪ್ಪು ಮಸ್ಕಾರದ ಎರಡನೇ ಕೋಟು. ಕಂದು ಬಣ್ಣದ್ದು ಒಂದೇ ಕೋಟು, ಬ್ರಷ್ಷನ್ನು ಟಿಶ್ಯೂಗೆ ಒರೆಸಿಕೊಂಡು ಹಚ್ಚಿದರೆ ಗಂಟು ಕಟ್ಟುವುದಿಲ್ಲ. ಇವರಿಗೆ ಕೆಳಗಿನ ಕಾಡಿಗೆ ಧಾರಾಳವಾಗಿ ಒಪ್ಪುತ್ತದೆ. ಮಿನುಗು ಬೇಡ, ಸುಕ್ಕಿನಲ್ಲಿ ಕೂತು ಎದ್ದು ಕಾಣುತ್ತದೆ. ಮ್ಯಾಟ್ ಬಣ್ಣ, ಅಂಚು ಗೊತ್ತಾಗದ ಹಾಗೆ ಬೆರಳಲ್ಲಿ ತೀಡಿದ್ದು. ಕನ್ಸೀಲರ್ ಸಹ ಕಡಿಮೆ.

ಪ್ಲಸ್‌ನವರ ದೊಡ್ಡ ತೊಂದರೆ ಕನ್ನಡಕ ತೆಗೆದರೆ ಹಚ್ಚುವುದು ಕಾಣುವುದಿಲ್ಲ ಅನ್ನುವುದು. ಹಿಗ್ಗಿಸಿ ತೋರಿಸುವ ಕನ್ನಡಿ ಒಂದು ದಾರಿ. ಒಂದೊಂದೇ ಗ್ಲಾಸು ಮಡಚಿ ಇಳಿಯುವ ಮೇಕಪ್ ಕನ್ನಡಕ ಇನ್ನೊಂದು. ಒಂದು ಕಣ್ಣಲ್ಲಿ ನೋಡುತ್ತಾ ಇನ್ನೊಂದಕ್ಕೆ ಹಚ್ಚಬಹುದು. ಕನ್ನಡಿ ಅಗ್ಗ, ಆದರೆ ಮೂಗು ತಾಗುವಷ್ಟು ಹತ್ತಿರ ಬಗ್ಗಬೇಕು. ವಯಸ್ಸಾದವರಿಗೆ ಮಡಚುವ ಕನ್ನಡಕವೇ ಮೇಲು.

ಲೈನರಿನ ದಪ್ಪಕ್ಕೆ ಫ್ರೇಮಿನ ದಪ್ಪ ಅಳತೆ. ದಪ್ಪ ಅಸಿಟೇಟಿನೊಳಗೆ ಕೂದಲೆಳೆ ಲೈನರ್ ಕಾಣುವುದೇ ಇಲ್ಲ. ರಿಮ್‌ಲೆಸ್ ಹಿಂದೆ ದಪ್ಪ ರೆಕ್ಕೆ ಎಳೆದರೆ ಅದೊಂದೇ ಕಾಣುತ್ತದೆ. ಮನೆಯ ಹರಳೆಣ್ಣೆ ಕಾಡಿಗೆಗಿಂತ ಪೆನ್ಸಿಲ್ ಕಾಡಿಗೆ ಇಲ್ಲಿ ವಾಸಿ. ಜಿಡ್ಡಿನ ಕಾಡಿಗೆ ಕೆನ್ನೆಗೆ ಇಳಿದು ಫ್ರೇಮಿನ ಕೆಳಂಚಿಗೆ ಹತ್ತುತ್ತದೆ. ವಾಟರ್‌ಪ್ರೂಫ್ ಮಸ್ಕಾರ ಮಳೆಗೆ ಜಗ್ಗುವುದಿಲ್ಲ, ಆದರೆ ತೆಗೆಯಲು ಎಣ್ಣೆ ಬೇಕು. ಒಂದೊಂದು ರೆಪ್ಪೆ ಕೂದಲಿನ ಸುತ್ತ ಕೊಳವೆಯ ಹಾಗೆ ಕೂರುವ ಟ್ಯೂಬಿಂಗ್ ಮಸ್ಕಾರ ಜಿಡ್ಡಿಗೂ ಕರಗುವುದಿಲ್ಲ, ಬಿಸಿನೀರಲ್ಲಿ ಸುಲಭವಾಗಿ ಬಿಡುತ್ತದೆ. ಕನ್ನಡಕದವರಿಗೆ ನನ್ನ ಮತ ಅದಕ್ಕೇ. ಯಾವುದೇ ಆಗಲಿ, ತೆರೆದು 3 ತಿಂಗಳಾದ ಮೇಲೆ ಬಿಸಾಡಿ.

ಬೊಟ್ಟು, ಮಾಟಿ, ಮುಹೂರ್ತದ ಫೋಟೋ

ಬ್ರಿಡ್ಜ್ ಎತ್ತರದಲ್ಲಿ ಕೂರುವ ಫ್ರೇಮಿಗೆ ಹುಬ್ಬಿನ ನಡುವೆಯೇ ಬೊಟ್ಟಿಟ್ಟರೆ ಎರಡೂ ಒಂದಕ್ಕೊಂದು ಅಂಟಿದ ಹಾಗೆ ಕಾಣುತ್ತದೆ. ಅರ್ಧ ಬೆರಳಷ್ಟು ಮೇಲೆ ಇಡಿ. ದಪ್ಪ ಫ್ರೇಮಿಗೆ ಚಿಕ್ಕ ಬೊಟ್ಟು, ರಿಮ್‌ಲೆಸ್ಸಿಗೆ ಕಾಸಿನಗಲದ್ದೂ ಸರಿಯೇ. ಕುಂಕುಮ ಇಡುವವರು ಕನ್ನಡಕ ತೆಗೆದು ಇಟ್ಟುಕೊಳ್ಳಿ, ಪುಡಿ ಉದುರಿ ಬ್ರಿಡ್ಜಿನ ಸಂದಿಗೆ ಸೇರುತ್ತದೆ. ಮಾಟಿ ಹಾಕುವ ದಿನ ತೆಳು ಲೋಹದ ಕಡ್ಡಿಯೇ ಇರಲಿ. ಮೊದಲು ಕನ್ನಡಕ, ಅದರ ಮೇಲಿಂದ ಮಾಟಿ.

ಮದುವೆಗೆ ಕನ್ನಡಕವೋ ಕಾಂಟ್ಯಾಕ್ಟ್ ಲೆನ್ಸೋ? ಲೆನ್ಸ್ ಹಾಕಿ ಅಭ್ಯಾಸ ಇರುವ ಹುಡುಗಿಗೆ ಲೆನ್ಸ್ ಸರಿ. ಹಾಕಿಯೇ ಗೊತ್ತಿಲ್ಲದವರು ಮದುವೆಗೆ ಮೂರು ದಿನ ಇರುವಾಗ ಶುರು ಮಾಡಿದರೆ ಹೋಮದ ಹೊಗೆಗೆ ಕಣ್ಣು ಕೆಂಪಾಗಿ, ಕಣ್ಣೀರು ಸುರಿದು ಕಾಡಿಗೆ ಇಳಿಯುತ್ತದೆ. ತಿಂಗಳ ಮುಂಚೆ ಡಾಕ್ಟರ್ ಹತ್ತಿರ ಅಳತೆ ಕೊಟ್ಟು ಅಭ್ಯಾಸ ಮಾಡಿಕೊಳ್ಳಿ. ಬಣ್ಣದ ಲೆನ್ಸ್ ಪವರ್ ಇಲ್ಲದ್ದಾದರೂ ಡಾಕ್ಟರ್ ನೋಡಿದ ಮೇಲೇ. ಲೆನ್ಸ್ ಹಾಕುವುದು ಮೇಕಪ್ಪಿಗೆ ಮುಂಚೆ, ತೆಗೆಯುವುದು ಮೇಕಪ್ ಒರೆಸುವ ಮುಂಚೆ.

ಕನ್ನಡಕದಲ್ಲೇ ಮುಹೂರ್ತಕ್ಕೆ ಕೂರುವವರು ಈಗ ಎಷ್ಟೋ ಜನ. ನನಗೆ ಅದು ಇಷ್ಟ. ಎಆರ್ ಕೋಟಿಂಗ್ ಇರಲಿ. ಬಿಸಿಲಿಗೆ ಕಪ್ಪಾಗುವ ಫೋಟೋಕ್ರೋಮಿಕ್ ಮಾತ್ರ ಬೇಡ. ರೆಸಾರ್ಟಿನ ಹುಲ್ಲುಹಾಸಿನ ಮೇಲೆ ನಿಂತರೆ ಮದುಮಗಳು ಕೂಲಿಂಗ್ ಗ್ಲಾಸಿನಲ್ಲಿ ಇದ್ದ ಹಾಗೆ ಫೋಟೋ ಬರುತ್ತದೆ. ತುಟಿಗೆ ಮರೂನ್, ಇಟ್ಟಿಗೆ ಕೆಂಪು ಧೈರ್ಯವಾಗಿ ಹಚ್ಚಿ. ಫ್ರೇಮು ಮೇಲ್ಭಾಗದ ಗಮನ ಎಳೆಯುವಾಗ ಪೇಲವ ತುಟಿ ಮುಖವನ್ನು ಬೋಳು ಮಾಡುತ್ತದೆ.

ಹಚ್ಚಿದ್ದು ಗ್ಲಾಸಿಗೆ ಹತ್ತಿದರೆ

ಸೆರಗಿನಲ್ಲಿ, ದುಪಟ್ಟಾದಲ್ಲಿ ಒರೆಸಬೇಡಿ. ಧೂಳಿನ ಕಣ ಗೀರು ಬೀಳಿಸುತ್ತದೆ. ನಲ್ಲಿ ನೀರಲ್ಲಿ ತೊಳೆದು, ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನು ಬೆರಳಲ್ಲಿ ಸವರಿ, ಮತ್ತೆ ತೊಳೆದು ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ. ಪ್ಯಾಡಿನ ಸಂದಿಗೆ ಹಳೆಯ ಮೆತ್ತನೆ ಬ್ರಷ್. ಪ್ಯಾಡು ಹಳದಿಯಾಗಿದ್ದರೆ ಅಂಗಡಿಯಲ್ಲಿ ಬದಲಾಯಿಸಿಕೊಡುತ್ತಾರೆ. ಪರ್ಫ್ಯೂಮು, ಹೇರ್ ಸ್ಪ್ರೇ ಆದ ಮೇಲೆ ಕನ್ನಡಕ ಹಾಕಿ, ಕೋಟಿಂಗ್ ಉಳಿಯುತ್ತದೆ. ನೇಲ್ ಪಾಲಿಶ್ ತೆಗೆಯುವಾಗ ಕನ್ನಡಕವನ್ನು ದೂರ ಇಡಿ. ಅದರಲ್ಲಿರುವ ಅಸಿಟೋನ್ ಅಸಿಟೇಟ್ ಫ್ರೇಮನ್ನೂ ಪಾಲಿಕಾರ್ಬೊನೇಟ್ ಲೆನ್ಸನ್ನೂ ಕರಗಿಸುತ್ತದೆ. ಆ ಕಲೆ ಯಾವ ಅಂಗಡಿಯಲ್ಲೂ ಹೋಗುವುದಿಲ್ಲ.